ಹೆಣದ ಪಗಾರ

ಶಹಾಬಾದಿನ ಹಳೇ ಖಣಿಗೆ ಟೀವಿಯವರು ಬಂದಾಗ
ನನಗ ಒಂಬತ್ತು ನಡೀತಿತ್ತು.
ಒಂದು ಮೆಟಡೋರು, ನಾಕು ಬೆಳ್ಳನ ಛತ್ರಿ,
ಹೊಗಿ ಕಾರೋ ಒಂದು ಡಬ್ಬಿ.
ಅಣುಬಾಂಬು ಬಿದ್ದ ಮರುದಿನದ ಊರು ಬೇಕಂತ
ತಿಂಗಳಗಟ್ಲೆ ತಿರುಗಿದ್ರಂತ.
ಡೈರೆಕ್ಟರು ದಂಡಿಗೆ ನಿಂತು ಕೆಳಗ ನೋಡಿ
ಖುಷಿಯಾಗಿ ಅಂದ:
“ಇಲ್ಲಿ ಸೆಟ್ಟು ಹಾಕೋದೇ ಬೇಡ.”

ಮುಕದ್ದಮ ಸಾಯಬಣ್ಣ ವಹಿಯಾಗ ಬರಕೊಂಡ:
ಹೆಣಕ್ಕ ಹದಿನೈದು, ಓಡೋರಿಗಿ ಹನ್ನೆರಡು,
ಸಣ್ಣ ಹೆಣಕ್ಕ ಏಳೂವರಿ, ಮಧ್ಯಾಹ್ನ ಪೂರಿ ಭಾಜಿ.
ದಿನವೆಲ್ಲಾ ಪರಸಿ ಎಬ್ಬಿಸಿದ್ರ ಒಂಬತ್ತು ಸಿಗೋ ಕಾಲ.
ಸಾಯಲಾಕ ಪಾಳಿ ಹಚ್ಚಿತು ಓಣಿ.

ಮುಖಕ್ಕ ಬೂದಿ ಬಳಿಯೋ ಹುಡುಗ
ಬ್ರಶ್ ಹಿಡಕೊಂಡು ಅವ್ವನ ಮುಂದ ನಿಂತ.
ಕಲ್ಲಿನ ಹಿಟ್ಟು ಹುಬ್ಬಿನಾಗ, ರೆಪ್ಪಿಯಾಗ, ಕಿವಿ ಸಂದ್ಯಾಗ.
ನೋಡಿದ. ಮತ್ತ ನೋಡಿದ.
“ಇವರಿಗೆ ಆಗಿದೆ,” ಅಂತ ಮುಂದ ಹ್ವಾದ.

ಕಲ್ಲು ಕಾದು ಹಂಚಾಗಿತ್ತು. ಅವ್ವ ಸೆರಗು ಹಾಸಿದ್ಲು.
“ಹೆಣ ಸೆರಗು ಹಾಸಲ್ಲಮ್ಮಾ.”
“ನನ್ನ ಹೆಣ ಹಾಸ್ತದ.”
ಬಾಜೂಕ ಜಗದೇವಿನ ಮಲಗಿಸಿದ್ರು,
ತಲಿ ಅವ್ವನ ತೋಳ ಮ್ಯಾಲ.
ನಳದ ಪಾಳಿ ಸಲುವಾಗಿ ಎರಡು ವರ್ಷ
ಮಾತಿಲ್ಲ ಇಬ್ಬರಿಗಿ. ಡೈರೆಕ್ಟರಿಗೇನು ಗೊತ್ತು.
ತೋಳು ಜುಮ್ಮ ಹಿಡೀತು; ಸತ್ತೋರು ಸರಸಂಗಿಲ್ಲ.
ಕಣ್ಣು ಮುಚ್ಚಿಕೊಂಡೇ ಜಗದೇವಿ ಕೇಳಿದ್ಲು:
“ಖರೇನೇ ಬಿದ್ರ ಏನ್ ಮಾಡೋದು?”
“ನಮ್ಮ ಮ್ಯಾಲ್ಯಾಕ ಹಾಕ್ತಾರ? ರೊಕ್ಕ ದಂಡ.”
“ವಾಡಿಯಾಗ ಸಿಮೆಂಟ್ ಫ್ಯಾಕ್ಟರಿ ಅದಲ್ಲ.”
ಅದಕ್ಕ ಅವ್ವನ ಹಂತ್ಯಾಕ ಜವಾಬು ಇರಲಿಲ್ಲ.

ನಂದು ಹೆಣದ ಪಾರ್ಟಲ್ಲ. ಉಳದ ಒಂದೇ ಕೂಸು ನಾ.
ಸತ್ತೋರ ನಡುವ ನಡದು ತಾಯಿನ ಹುಡುಕಬೇಕು.
“ಅವ್ವಾ ಅನ್ನಬೇಡ, ಅಮ್ಮಾ ಅನ್ನು,” ಅಂತ ಕಲಿಸಿದ್ರು.
“ಅಮ್ಮಾ,” ಅಂದೆ. ಹೊಗಿ.
ಮತ್ತೊಮ್ಮೆ, “ಅಮ್ಮಾ.”
ಯಾರೂ ಮಿಸುಕಲಿಲ್ಲ. ಅದು ಅಲ್ಲಿ ಯಾರ ಹೆಸರೂ ಅಲ್ಲ.
ಮೂರನೇ ಸಲ ಚೂಪನ ಕಲ್ಲು ನಟ್ಟು
ಬಾಯಿಗಿ ಬಂದದ್ದು ಬಂತು: “ಎವ್ವಾ!”

ಹನ್ನೊಂದು ಹೆಣ
ಒಮ್ಮೆಲೇ ಎದ್ದು ಕುಂತವು:
“ಏನಾತೋ ಮಗಾ?”

ರೀಲು ಹಾಳಾತಂತ ತಲಿಗಿ ಎರಡು ರೂಪಾಯಿ ಕಡದ್ರು.
ಹುಸೇನಬಿ ಜಗಳಾಡಿ ಪೂರಾ ತಗೊಂಡ್ಲು,
“ನಾ ಎಲ್ಲಿ ಎದ್ದೀನ್ರಿ, ನನಗ ನಿದ್ದಿ ಹತ್ತಿತ್ತು.”

ದೀಪಾವಳಿ ದಾಟಿದ ಮ್ಯಾಲ ಒಂದು ಐತವಾರ
ಯೂನಿಯನ್ ಆಫೀಸಿನ ಟೀವ್ಯಾಗ ಬಂತು ನಾಟಕ.
ಮೊದಲ ಯಾವುದೋ ದೊಡ್ಡ ಊರು.
ಗಂಡ ಹೆಂಡತಿ ಕಿಟಕಿಗಿ ಕರೀ ಕಾಗದ ಹಚ್ಚಿದ್ರು.
ಮುದುಕ ಒಬ್ಬ ರೇಡಿಯೋ ತಿರುವಿದ್ದೇ ತಿರುವಿದ.
ಮಾಳಗಿ ಮ್ಯಾಲ ಹಪ್ಪಳ ತೆಗಿಲಾಕ ಹೋದಾಕಿ
ಕೆಳಗ ಬರಲಿಲ್ಲ.
ಪಡದೆ ಪೂರಾ ಬೆಳ್ಳಗಾತು.
ಟೀವಿ ಕೆಟ್ಟಿತು ಅಂದಿವಿ. ಕೆಟ್ಟಿರಲಿಲ್ಲ.
ಆಮ್ಯಾಲ ನಮ್ಮ ಖಣಿ.
“ಅಕಾ, ನನ್ನ ಕಾಲು!” “ಅದು ನಂದು, ಕಡಗ ನೋಡು!”
ಚಪ್ಪಾಳಿ, ಸೀಟಿ.
ಅದರೊಳಗ ನಾ ಬಾಯಿ ತಗದೆ,
ಬ್ಯಾರೆ ಯಾವುದೋ ಹುಡುಗನ ದನಿ ಬಂತು: “ಅಮ್ಮಾ.”
ಯಾರೂ ಏಳಲಿಲ್ಲ.
ಒಂಬತ್ತು ಎಣಿಸೂದ್ರಾಗ ಮುಗೀತು.

ಮನಿ ದಾರ್ಯಾಗ ಅವ್ವ ಕೇಳಿದ್ಲು:
“ಆ ಕೂಸು ಆಮ್ಯಾಲ ಎಲ್ಲಿಗಿ ಹ್ವಾತು?”
“ನಾನೇ ಅಲ್ಲೇನವ್ವಾ, ಇಲ್ಲೇ ಇದೀನಿ.”
“ನೀ ಅಲ್ಲ. ಅಲ್ಲಿಂದು.”

ಒಲಿ ಹಚ್ಚಿ ಒಂದು ರೊಟ್ಟಿ ಹೆಚ್ಚಿಗಿ ಬಡದ್ಲು,
ಬುಟ್ಟ್ಯಾಗ ಮುಚ್ಚಿಟ್ಲು.
ಅವತ್ತು ಬಾಗಲ ಅಗಳಿ ಹಾಕಲಿಲ್ಲ.

ಮುಂಜಾನಿ ಅದು ಕಟಿ ಆಗಿತ್ತು.
ನಾನೇ ತಿಂದೆ.